ನಿಮಗಿದು ಗೊತ್ತೇ? ಕಾಯಿಲೆ ಬಂದ ಮೇಲೆ ಅಳತೆಗೋಲೇ ಬದಲಾಗುತ್ತದೆ!

◆ ಆಪರೇಷನ್ನಿಗೆ ಮುಂಚೆ ರೋಗಿಯನ್ನು ಕೇಳುತ್ತಾರೆ ಎಂದಿಟ್ಟುಕೊಳ್ಳಿ: ‘ಹೋದ ವಾರ ಒಟ್ಟಾರೆ ನಿಮ್ಮ ಬದುಕು ಹೇಗಿತ್ತು? ಒಂದರಿಂದ ಏಳರೊಳಗೆ ಅಂಕ ಕೊಡಿ.’ ರೋಗಿ ಐದು ಎನ್ನುತ್ತಾರೆ. ಮೂರು ತಿಂಗಳು ಬಿಟ್ಟು ಅದೇ ಪ್ರಶ್ನೆ. ಉತ್ತರ ಮತ್ತೆ ಐದು. ಫೈಲಿನ ಪ್ರಕಾರ ಆಪರೇಷನ್ನಿನಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಈಗ ಇನ್ನೊಂದು ಪ್ರಶ್ನೆ ಹಾಕಿ ನೋಡಿ: ‘ಆಪರೇಷನ್ನಿಗೆ ಮುಂಚೆ ಹೇಗಿದ್ದಿರಿ ಅಂತ ಈಗ ಅನ್ನಿಸುತ್ತೆ?’ ‘ಆಗಲಾ? ಮೂರು ಕೊಟ್ಟರೆ ಹೆಚ್ಚು!’

ಆ ಐದಕ್ಕೂ ಈ ಮೂರಕ್ಕೂ ನಡುವಿನ ಅಂತರವನ್ನು ಬೆನ್ನು ಹತ್ತಿ ಹೊರಟ ಸಂಶೋಧನೆಯ ಶಾಖೆಯೇ ಒಂದಿದೆ. ಅದರ ಹೆಸರು ರೆಸ್ಪಾನ್ಸ್ ಶಿಫ್ಟ್. ದರ್ಜಿಯ ಟೇಪೇ ಹಿಗ್ಗಿಹೋದರೆ ಹೋದ ವರ್ಷದ ಅಳತೆಗೆ ಈ ವರ್ಷದ ಅಂಗಿ ಹೊಂದುವುದು ಹೇಗೆ? ಆ ಸಂಶೋಧಕರ ತಲೆನೋವು ಇಷ್ಟೇ.

◆ ಟೇಪು ಹಿಗ್ಗುವುದು ಮೂರು ಬಗೆಯಲ್ಲಿ. ಹಾಗೆಂದು ವಿಂಗಡಿಸಿದವರು ಆಮ್‌ಸ್ಟರ್‌ಡ್ಯಾಮಿನ ಮಿರ್ಯಾಮ್ ಸ್ಪ್ರಾಂಗರ್ಸ್ ಮತ್ತು ಅಮೆರಿಕದ ಕ್ಯಾರೊಲಿನ್ ಶ್ವಾರ್ಟ್ಜ್, ವರ್ಷ 1999. ಮೊದಲನೆಯದು ಮಾಪನದ ಗೆರೆಗಳೇ ಸರಿಯುವುದು. ಕಿಡ್ನಿ ಕಲ್ಲಿನ ನೋವು ಅನುಭವಿಸಿದವರಿಗೆ ಹಿಂದೆ ‘ಹತ್ತಕ್ಕೆ ಎಂಟು’ ಅನ್ನಿಸಿದ್ದ ಹಲ್ಲುನೋವು ಈಗ ಮೂರಕ್ಕೆ ಇಳಿಯುತ್ತದೆ. ಎರಡನೆಯದು ಮುಖ್ಯವಾದದ್ದರ ಸಾಲು ಅದಲುಬದಲಾಗುವುದು: ಪ್ರಮೋಷನ್ನು ಹಿಂದಕ್ಕೆ, ಮೊಮ್ಮಗಳ ಜೊತೆ ಕಳೆಯುವ ಸಂಜೆ ಮುಂದಕ್ಕೆ. ಮೂರನೆಯದು ಅರ್ಥವೇ ಬದಲಾಗುವುದು. ‘ಆರೋಗ್ಯವಾಗಿದ್ದೀನಿ’ ಎಂದರೆ ಮೊದಲು ಬೆಟ್ಟ ಹತ್ತುವ ಶಕ್ತಿ. ಈಗ ಯಾರ ಆಸರೆಯೂ ಇಲ್ಲದೆ ಬಚ್ಚಲಿಗೆ ಹೋಗಿಬರುವುದು. ಪ್ರಶ್ನೆಪತ್ರಿಕೆಗೆ ಇದ್ಯಾವುದೂ ಕಾಣುವುದಿಲ್ಲ. ಅದಕ್ಕೆ ಕಾಣುವುದು ‘ಐದು’ ಮಾತ್ರ.

◆ ಈ ವಿಚಾರ ಹುಟ್ಟಿದ್ದು ಆಸ್ಪತ್ರೆಯಲ್ಲಿ ಅಲ್ಲವೇ ಅಲ್ಲ! ಕಂಪನಿ, ಕಚೇರಿಗಳನ್ನು ಸುಧಾರಿಸಲು ಹೊರಟಿದ್ದ ರಾಬರ್ಟ್ ಗೋಲೆಂಬ್ಯೂಸ್ಕಿ ಮತ್ತು ಸಂಗಡಿಗರು 1976ರಲ್ಲಿ ಬದಲಾವಣೆಯನ್ನು ಆಲ್ಫಾ, ಬೀಟಾ, ಗಾಮಾ ಎಂದು ಮೂರಾಗಿ ವಿಂಗಡಿಸಿದರು. ನಿಜವಾದ ಬದಲಾವಣೆ ಆಲ್ಫಾ, ಅಳತೆಗೋಲಿನ ಬದಲಾವಣೆ ಬೀಟಾ, ಅರ್ಥದ ಬದಲಾವಣೆ ಗಾಮಾ. ಮೂರು ವರ್ಷಗಳ ನಂತರ ಮನಶ್ಶಾಸ್ತ್ರಜ್ಞ ಜಾರ್ಜ್ ಹೊವಾರ್ಡ್ ತರಬೇತಿ ಶಿಬಿರಗಳಲ್ಲಿ ಒಂದು ವಿಚಿತ್ರ ಗಮನಿಸಿದರು. ಶಿಬಿರಕ್ಕೆ ಮೊದಲು ‘ನನಗೆ ಬರುತ್ತೆ’ ಎಂದು ಧಾರಾಳವಾಗಿ ಅಂಕ ಹಾಕಿಕೊಂಡವರು, ಕಲಿತಾದ ಮೇಲೆ ತಮಗೆ ಏನು ಗೊತ್ತಿರಲಿಲ್ಲ ಎಂಬುದನ್ನು ಅರಿತು ಕಡಿಮೆ ಅಂಕ ಹಾಕಿಕೊಳ್ಳುತ್ತಿದ್ದರು. ಕಲಿತ ಮೇಲೆ ದಡ್ಡರಾದಂತೆ ಲೆಕ್ಕ! ಹಾರ್ಮೋನಿಯಂ ಪಾಠಕ್ಕೆ ಸೇರಿದ ಯಾರಿಗಾದರೂ ಈ ಅನುಭವ ಆಗಿರುತ್ತದೆ.

◆ ಅದಕ್ಕೆ ಹೊವಾರ್ಡ್ ಕಂಡುಕೊಂಡ ಉಪಾಯ ‘ದೆನ್ ಟೆಸ್ಟ್’. ಕೊನೆಯಲ್ಲಿ ಎರಡು ಪ್ರಶ್ನೆ ಒಟ್ಟಿಗೆ ಕೇಳುವುದು: ಈಗ ಹೇಗಿದ್ದೀರಿ, ಆಗ ಹೇಗಿದ್ದಿರಿ. ಎರಡಕ್ಕೂ ಉತ್ತರ ಒಂದೇ ದಿನ, ಒಂದೇ ಅಳತೆಗೋಲಿನಿಂದ. ಮೊದಲ ದಿನ ಕೊಟ್ಟ ಉತ್ತರಕ್ಕೂ ಕೊನೆಯ ದಿನ ಕೊಟ್ಟ ‘ಆಗ’ದ ಉತ್ತರಕ್ಕೂ ಇರುವ ವ್ಯತ್ಯಾಸವೇ ಅಳತೆಗೋಲು ಎಷ್ಟು ಸರಿದಿದೆ ಎಂಬುದರ ಸುಳಿವು. ಖರ್ಚಿಲ್ಲದ ಉಪಾಯವಾದ್ದರಿಂದ ಇವತ್ತಿಗೂ ಹೆಚ್ಚು ಬಳಕೆಯಲ್ಲಿರುವುದು ಇದೇ.

◆ ಆದರೆ ನೆನಪನ್ನು ನಂಬಬಹುದೇ? ಕೆನಡಾದ ಮೈಕೆಲ್ ಕಾನ್ವೇ ಮತ್ತು ಮೈಕೆಲ್ ರಾಸ್ 1984ರಲ್ಲಿ ನಡೆಸಿದ ಪ್ರಯೋಗ ಓದಿದರೆ ನಗುವೂ ಬರುತ್ತದೆ, ದಿಗಿಲೂ ಆಗುತ್ತದೆ. ವಿದ್ಯಾರ್ಥಿಗಳಿಗೆ ‘ಚೆನ್ನಾಗಿ ಓದುವುದು ಹೇಗೆ’ ಎಂಬ ತರಬೇತಿ ಕೊಟ್ಟರು. ಅದರಿಂದ ಅವರ ಮಾರ್ಕ್ಸ್ ಏನೂ ಏರಲಿಲ್ಲ. ಆದರೆ ‘ಮೊದಲು ಹೇಗಿದ್ದಿರಿ, ಆಗ ನೀವೇ ಕೊಟ್ಟ ಉತ್ತರ ನೆನಪಿಸಿಕೊಳ್ಳಿ’ ಎಂದಾಗ, ತಾವು ಹಿಂದೆ ಬರೆದುಕೊಟ್ಟದ್ದಕ್ಕಿಂತ ಕೆಟ್ಟದಾಗಿ ನೆನಪಿಸಿಕೊಂಡರು. ಕಷ್ಟಪಟ್ಟಿದ್ದೇವೆ, ಸುಧಾರಿಸಿರಲೇಬೇಕು, ಆದ್ದರಿಂದ ಮೊದಲು ಕೆಟ್ಟದಾಗಿದ್ದಿರಬೇಕು! ಕಿಮೋ, ಆಪರೇಷನ್ನು, ಲಕ್ಷಾಂತರ ರೂಪಾಯಿ ಎಲ್ಲ ಮುಗಿದ ಮೇಲೆ ‘ಈಗ ಎಷ್ಟೋ ವಾಸಿ’ ಎನ್ನುವವರ ಮಾತಿನಲ್ಲಿ ಅಳತೆಗೋಲು ಸರಿದದ್ದೆಷ್ಟು, ನೆನಪು ತಿದ್ದಿಕೊಂಡದ್ದೆಷ್ಟು ಎಂದು ಬಿಡಿಸುವುದು ಸುಲಭವಲ್ಲ. ದೆನ್ ಟೆಸ್ಟನ್ನು ನೆಚ್ಚಿಕೊಂಡವರು ಈ ಪ್ರಯೋಗಕ್ಕೆ ಪೂರ್ತಿ ಉತ್ತರ ಕೊಟ್ಟಿದ್ದಾರೆಂದು ನನಗನ್ನಿಸಿಲ್ಲ.

◆ ನೆನಪಿನ ಇನ್ನೊಂದು ಚೇಷ್ಟೆ. ದೊಡ್ಡಕರುಳಿನೊಳಗೆ ಕೊಳವೆ ಹಾಕಿ ನೋಡುವ ಕೊಲೊನೊಸ್ಕೋಪಿ ಪರೀಕ್ಷೆಗೆ ಬಂದ 682 ಜನರಲ್ಲಿ ಕೆಲವರಿಗೆ, ಪರೀಕ್ಷೆ ಮುಗಿದ ಮೇಲೂ ಕೊಳವೆಯ ತುದಿಯನ್ನು ಅಲ್ಲಾಡಿಸದೆ ಮೂರು ನಿಮಿಷದವರೆಗೆ ಒಳಗೇ ಬಿಟ್ಟರು. ಒಟ್ಟು ಕಿರಿಕಿರಿಯ ಹೊತ್ತು ಹೆಚ್ಚಾಯಿತು. ಆದರೆ ಕೊನೆಯ ಗಳಿಗೆ ಸೌಮ್ಯವಾಗಿತ್ತು. ಪರೀಕ್ಷೆ ಅಷ್ಟೇನೂ ನೋಯಿಸಲಿಲ್ಲ ಎಂದು ನೆನಪಿಟ್ಟುಕೊಂಡವರು ಇವರೇ! 2003ರಲ್ಲಿ ಇದನ್ನು ಪ್ರಕಟಿಸಿದವರಲ್ಲಿ ಒಬ್ಬರು, ಅದಕ್ಕೆ ಹಿಂದಿನ ವರ್ಷವಷ್ಟೇ ಅರ್ಥಶಾಸ್ತ್ರದ ನೊಬೆಲ್ ಪಡೆದಿದ್ದ ಡೇನಿಯಲ್ ಕಾನೆಮನ್.

◆ ‘ಲಾಟರಿ ಹೊಡೆದವರೂ ಅಪಘಾತದಲ್ಲಿ ಕೈಕಾಲು ಸ್ವಾಧೀನ ಕಳೆದುಕೊಂಡವರೂ ವರ್ಷ ಕಳೆಯುವಷ್ಟರಲ್ಲಿ ಒಂದೇ ಸಮ ಸಂತೋಷವಾಗಿರುತ್ತಾರೆ’ ಎಂಬ ವಾಟ್ಸಾಪ್ ಫಾರ್ವರ್ಡ್ ನಿಮಗೂ ಬಂದಿರಬಹುದು. ತಪ್ಪು. ಫಿಲಿಪ್ ಬ್ರಿಕ್‌ಮನ್ ಮತ್ತಿತರರ 1978ರ ಮೂಲ ಲೇಖನದಲ್ಲಿ 22 ಲಾಟರಿ ವಿಜೇತರು, 22 ಸಾಮಾನ್ಯರು, 29 ಅಪಘಾತಕ್ಕೀಡಾದವರಿದ್ದರು. ಐದಕ್ಕೆ ಅಂಕ ಹಾಕಿದಾಗ ಲಾಟರಿಯವರು 4.00, ಸಾಮಾನ್ಯರು 3.82, ಅಪಘಾತದವರು 2.96. ಅಂತರ ಇದ್ದೇ ಇದೆ. ಅಚ್ಚರಿ ಏನೆಂದರೆ, ಅದು ನಾವು ಊಹಿಸುವಷ್ಟು ದೊಡ್ಡದಲ್ಲ.

◆ ಈ ಊಹೆಯ ಕತೆಗೆ ಡಯಾಲಿಸಿಸ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಸಾವಿಗೆ ಸೊನ್ನೆ, ಪೂರ್ಣ ಆರೋಗ್ಯಕ್ಕೆ ಒಂದು ಎಂದು ಗೆರೆ ಎಳೆದು, ಡಯಾಲಿಸಿಸ್ ಬದುಕಿಗೆ ಎಷ್ಟು ಕೊಡುತ್ತೀರಿ ಎಂದು 1978ರಲ್ಲಿ ಕೆನಡಾದಲ್ಲಿ ಕೇಳಿದರು. ಜನಸಾಮಾನ್ಯರು ಕೊಟ್ಟದ್ದು 0.39. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದವರೇ ಕೊಟ್ಟದ್ದು 0.56.

ರೋಗಿಗಳು ಧೈರ್ಯಕ್ಕೆ ಹಾಗೆ ಹೇಳಿದರೇ? ಈ ಸಂಶಯ ಬಂದೇ ಬರುತ್ತದೆ. 2005ರಲ್ಲಿ ಜೇಸನ್ ರೀಸ್, ಜಾರ್ಜ್ ಲೊವೆನ್‌ಸ್ಟೀನ್, ಪೀಟರ್ ಯೂಬೆಲ್ ಮತ್ತಿತರರು 49 ಡಯಾಲಿಸಿಸ್ ರೋಗಿಗಳಿಗೂ, ವಯಸ್ಸು ಮುಂತಾದವು ಹೊಂದುವ 49 ಆರೋಗ್ಯವಂತರಿಗೂ ಅಂಗೈಯಗಲದ ಕಂಪ್ಯೂಟರ್ ಕೊಟ್ಟು ಕಳಿಸಿದರು. ಒಂದು ವಾರ, ಹೆಚ್ಚುಕಡಿಮೆ ಒಂದೂವರೆ ಗಂಟೆಗೊಮ್ಮೆ ಅದು ಬೀಪ್ ಎನ್ನುವುದು. ಬಸ್ಸಿನಲ್ಲಿರಲಿ, ಅಡುಗೆಮನೆಯಲ್ಲಿರಲಿ, ಆ ಗಳಿಗೆಯಲ್ಲಿ ಮನಸ್ಸು ಹೇಗಿದೆ ಎಂದು ಒತ್ತಬೇಕು. ನೆನಪಿನ ಹಂಗಿಲ್ಲ, ಭವಿಷ್ಯದ ಲೆಕ್ಕಾಚಾರವೂ ಇಲ್ಲ. ವಾರ ಕಳೆದು ಕೂಡಿ ನೋಡಿದರೆ ಎರಡು ಗುಂಪಿನ ಮನಸ್ಸಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಆರೋಗ್ಯವಂತರು ಮಾತ್ರ ‘ಡಯಾಲಿಸಿಸ್‌ನವರು ಸದಾ ಕುಗ್ಗಿಹೋಗಿರುತ್ತಾರೆ’ ಎಂದೇ ಊಹಿಸಿದ್ದರು. ಇನ್ನೂ ತಮಾಷೆ ಎಂದರೆ ರೋಗಿಗಳ ಊಹೆಯೂ ತಪ್ಪಿತ್ತು. ಕಾಯಿಲೆಯೇ ಬಂದಿರದಿದ್ದರೆ ತಾವು ಎಷ್ಟೋ ಹೆಚ್ಚು ಸುಖವಾಗಿರುತ್ತಿದ್ದೆವು ಎಂದು ಅವರೂ ನಂಬಿದ್ದರು. ತಾವು ಹೊಂದಿಕೊಂಡಿದ್ದೇವೆ ಎಂಬುದು ಹೊಂದಿಕೊಂಡವರಿಗೇ ಗೊತ್ತಿಲ್ಲ!

◆ ಕಾಯಿಲೆ ವಾಸಿಯಾದ ಮೇಲೆ ಆರೋಗ್ಯವಂತರ ಆ ಊಹೆಯೇ ಮತ್ತೆ ಬಂದು ಕೂರುತ್ತದೆ. ಕೆಲವರಿಗೆ ಕರುಳಿನ ಆಪರೇಷನ್ ನಂತರ ಮಲ ಹೊಟ್ಟೆಯ ಮೇಲೆ ಅಂಟಿಸಿದ ಚೀಲಕ್ಕೆ ಬೀಳುವಂತೆ ದಾರಿ ಮಾಡಿರುತ್ತಾರೆ. ಕೆಲವರಿಗೆ ಅದು ಶಾಶ್ವತ, ಕೆಲವರಿಗೆ ಕೆಲವು ತಿಂಗಳು ಮಾತ್ರ. ‘ಚೀಲವಿಲ್ಲದ ಬದುಕಿಗಾಗಿ ಆಯುಷ್ಯದಲ್ಲಿ ಎಷ್ಟು ಬಿಟ್ಟುಕೊಡುತ್ತೀರಿ?’ ಎಂದು 2006ರ ಒಂದು ಅಧ್ಯಯನದಲ್ಲಿ ಚೀಲ ಇನ್ನೂ ಇದ್ದವರನ್ನೂ ತೆಗೆಸಿಕೊಂಡವರನ್ನೂ ಕೇಳಿದರು. ಹೆಚ್ಚು ಬಿಟ್ಟುಕೊಡಲು ತಯಾರಾದವರು ಈಗ ಚೀಲ ಕಟ್ಟಿಕೊಂಡಿದ್ದವರಲ್ಲ, ಹಿಂದೆ ಕಟ್ಟಿಕೊಂಡು ಈಗ ಬಿಟ್ಟವರು. ತಾವೇ ಅದರೊಂದಿಗೆ ಬಾಳಿದ್ದವರು!

◆ ಎಡಗಣ್ಣಿನ ರೆಪ್ಪೆ ಒಂದನ್ನು ಬಿಟ್ಟು ಮೈಯೆಲ್ಲ ನಿಶ್ಚಲ. ಬುದ್ಧಿ ಮಾತ್ರ ಚುರುಕು. ಫ್ರಾನ್ಸಿನ ‘ಎಲ್’ ಪತ್ರಿಕೆಯ ಸಂಪಾದಕ ಜಾನ್-ಡೊಮಿನಿಕ್ ಬೋಬಿ 1995ರ ಡಿಸೆಂಬರಿನಲ್ಲಿ ಪಾರ್ಶ್ವವಾಯು ಬಡಿದು ಈ ಸ್ಥಿತಿಗೆ ಬಂದರು. ಒಬ್ಬರು ಅಕ್ಷರಮಾಲೆ ಓದುತ್ತಾ ಹೋಗುವುದು, ಬೇಕಾದ ಅಕ್ಷರ ಬಂದಾಗ ಬೋಬಿ ಕಣ್ಣು ಮಿಟುಕಿಸುವುದು. ಹೀಗೆ ಅಕ್ಷರ ಅಕ್ಷರವಾಗಿ ಬರೆಸಿದ ಪುಸ್ತಕ 1997ರ ಮಾರ್ಚಿನಲ್ಲಿ ಹೊರಬಂತು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಇಂಥ ರೋಗಿಗಳಿಗಾಗಿ ಅವರು ಆರಂಭಿಸಿದ್ದ ಸಂಘ ಉಳಿಯಿತು.

ಆ ಸಂಘದ 168 ಸದಸ್ಯರಿಗೆ ಬೆಲ್ಜಿಯಮ್ಮಿನ ಲಿಯೇಜ್‌ನ ಸ್ಟೀವನ್ ಲೋರೇಸ್ ತಂಡ ಪ್ರಶ್ನೆಪತ್ರಿಕೆ ಕಳಿಸಿತು. 91 ಮಂದಿ ಉತ್ತರಿಸಿದರು. ಲೆಕ್ಕಕ್ಕೆ ಸಿಕ್ಕವರು 65. ಅವರಲ್ಲಿ 47 ಮಂದಿ ‘ಸಂತೋಷವಾಗಿದ್ದೇನೆ’ ಎಂದರು, 18 ಮಂದಿ ‘ಇಲ್ಲ’ ಎಂದರು. ದಯಾಮರಣ ಬೇಕೆಂದವರು ಶೇ. 7. ವರದಿ 2011ರಲ್ಲಿ ಪ್ರಕಟವಾಯಿತು. ಬರೆಯಲು ಒಪ್ಪದವರು ಇನ್ನೂ ದುಃಖದಲ್ಲಿದ್ದಿರಬಹುದಲ್ಲ ಎಂದು ನೀವು ಕೇಳಿದರೆ ಅದು ಸರಿಯಾದ ಪ್ರಶ್ನೆಯೇ. ಹಾಗಿದ್ದರೂ, ಇಂಥವರ ಹಾಸಿಗೆಯ ಪಕ್ಕ ನಿಂತು ‘ಹೀಗೆ ಬದುಕುವುದಕ್ಕಿಂತ...’ ಎಂದು ರಾಗ ಎಳೆಯುವ ನೆಂಟರು ಈ 47ನ್ನು ಒಮ್ಮೆ ನೆನೆಯಬೇಕು.

◆ ಆ ಪ್ರಶ್ನೆಪತ್ರಿಕೆಯ ಅಳತೆಗೋಲೂ ಜಾಣತನದ್ದು. ಬೆಲ್ಜಿಯಮ್ಮಿನ ವೈದ್ಯ ಯಾನ್ ಬರ್ನ್‌ಹೈಮ್ ರೂಪಿಸಿದ್ದು. ಕಾಯಿಲೆಗೆ ಮುಂಚಿನ ಬದುಕಿನಲ್ಲಿ ನಿಮ್ಮ ಅತ್ಯಂತ ಸುಖದ ಕಾಲ ಯಾವುದು? ಅದು +5. ಅತ್ಯಂತ ಕೆಟ್ಟ ಕಾಲ? ಅದು −5. ಈಗ ಎಲ್ಲಿದ್ದೀರಿ ಹೇಳಿ. ಎರಡು ತುದಿಯ ಗೂಟಗಳನ್ನೂ ನೆಡುವವರು ರೋಗಿಯೇ. ಅಳತೆ ಪಕ್ಕದ ಮಂಚದವರ ಜೊತೆ ಹೋಲಿಸಿ ಅಲ್ಲ.

◆ ಅಮೆರಿಕದಲ್ಲಿ ಗ್ಯಾರಿ ಆಲ್ಬ್ರೆಕ್ಟ್ ಮತ್ತು ಪ್ಯಾಟ್ರಿಕ್ ಡಿವ್ಲೀಗರ್ ಅಂಗವೈಕಲ್ಯವುಳ್ಳ 153 ಜನರೊಡನೆ ಕೂತು ಮಾತಾಡಿದರು. ವೈಕಲ್ಯ ಸಾಕಷ್ಟು ತೀವ್ರವಾಗಿದ್ದವರಲ್ಲೂ ಶೇ. 54.3 ಮಂದಿ ತಮ್ಮ ಬದುಕು ಚೆನ್ನಾಗಿದೆ, ಬಹಳ ಚೆನ್ನಾಗಿದೆ ಎಂದಿದ್ದರು. ಇದೂ 1999ರ ಲೇಖನವೇ.

◆ ತೀವ್ರ ಸಂಕಟದ ಕಿಮೋ, ಗುಣವಾಗುವ ಸಾಧ್ಯತೆ ನೂರಕ್ಕೆ ಒಂದು. ಒಪ್ಪುತ್ತೀರಾ? 1990ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಕ್ಯಾನ್ಸರ್ ರೋಗಿಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಿದರು. ಕಾಯಿಲೆ ಇಲ್ಲದವರು, ವೈದ್ಯರು, ನರ್ಸುಗಳು ಅಷ್ಟಾಗಿ ಒಪ್ಪಲಿಲ್ಲ. ‘ನನಗೇ ಬಂದರೆ ಯಾವ ಟ್ರೀಟ್‌ಮೆಂಟೂ ತಗೊಳಲ್ಲಪ್ಪ’ ಎಂದು ಆರೋಗ್ಯವಾಗಿದ್ದಾಗ ಆಡುವ ಮಾತಿಗೆ ಎಷ್ಟು ಬೆಲೆ ಎಂದು ಇದರಿಂದ ಲೆಕ್ಕ ಹಾಕಬಹುದು.

◆ ರೋಗಿಯನ್ನು ಕೇಳುವ ಪದ್ಧತಿಯೇ ಇತ್ತೀಚಿನದು ಗೊತ್ತೇ? ನ್ಯೂಯಾರ್ಕಿನ ಡೇವಿಡ್ ಕಾರ್ನೋಫ್‌ಸ್ಕಿ 1940ರ ದಶಕದ ಕೊನೆಗೆ ತಂದ ನೂರರ ಮಾಪನದಲ್ಲಿ ಅಂಕ ಹಾಕುವವರು ವೈದ್ಯರು. ನೂರೆಂದರೆ ಯಾವ ತೊಂದರೆಯೂ ಇಲ್ಲ, ಸೊನ್ನೆ ಎಂದರೆ ಸಾವು. ಕ್ಯಾನ್ಸರ್ ಆಸ್ಪತ್ರೆಗಳ ಫೈಲಿನಲ್ಲಿ ಇಂದಿಗೂ ಅದು ಕಾಣುತ್ತದೆ. ರೋಗಿಯೇ ಪೆನ್ನು ಹಿಡಿದು ತುಂಬುವ, ಯುರೋಪಿನ ಕ್ಯಾನ್ಸರ್ ಸಂಶೋಧಕರ ಮೂವತ್ತು ಪ್ರಶ್ನೆಗಳ ಪಟ್ಟಿ ಬಂದದ್ದು 1993ರಲ್ಲಿ.

◆ ಆ ಮೂವತ್ತು ಪ್ರಶ್ನೆಗಳಲ್ಲಿ ಬಹುಪಾಲು ಕೇಳುವುದು ‘ಹೋದ ಒಂದು ವಾರ’ದ ವಿಚಾರ. ಇನ್ನೊಂದು ಹೆಸರಾಂತ ಪಟ್ಟಿ ಎಸ್‌ಎಫ್-36 ಕೇಳುವುದು ‘ಹೋದ ನಾಲ್ಕು ವಾರ’. ಇಕ್ಯೂ-5ಡಿ ಎಂಬುದು ‘ಈವತ್ತು’ ಮಾತ್ರ. ಡಯಾಲಿಸಿಸ್ ಆದ ದಿನ ‘ಈವತ್ತು’ ಕೇಳುವುದಕ್ಕೂ ಅದರ ಮಾರನೆಯ ದಿನ ಕೇಳುವುದಕ್ಕೂ ಅಜಗಜಾಂತರ.

◆ ವಿಶ್ವ ಆರೋಗ್ಯ ಸಂಸ್ಥೆ ತನ್ನ ಜೀವನ ಗುಣಮಟ್ಟದ ಪ್ರಶ್ನಾವಳಿಯನ್ನು ಒಂದೇ ದೇಶದಲ್ಲಿ ಬರೆದು ಮಿಕ್ಕ ಭಾಷೆಗಳಿಗೆ ಅನುವಾದಿಸಲಿಲ್ಲ. 1990ರ ದಶಕದಲ್ಲಿ 15 ಕೇಂದ್ರಗಳಲ್ಲಿ ಏಕಕಾಲಕ್ಕೆ ರೂಪಿಸಿತು. ದೆಹಲಿ ಮತ್ತು ಮದ್ರಾಸು ಆ ಹದಿನೈದರಲ್ಲಿದ್ದವು. ನೂರು ಪ್ರಶ್ನೆಗಳ ಆ ಪಟ್ಟಿಯನ್ನು ಆಮೇಲೆ 26ಕ್ಕೆ ಇಳಿಸಿದರು. ಈ 26 ಪ್ರಶ್ನೆಗಳು ಕನ್ನಡದಲ್ಲೂ ಇವೆ; ನಮ್ಮ ಮೆಡಿಕಲ್ ಕಾಲೇಜುಗಳ ಎಷ್ಟೋ ಪ್ರಬಂಧಗಳು ಅದನ್ನು ನೆಚ್ಚಿಕೊಂಡಿವೆ.

◆ ಅದಕ್ಕೂ ಮುಂಚೆ, 1991ರಲ್ಲೇ, ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಸಂತೋಷ್ ಚತುರ್ವೇದಿ ಒಂದು ನೇರ ಪ್ರಶ್ನೆ ಎತ್ತಿದ್ದರು: ಕ್ಯಾನ್ಸರಿನ ವಿಚಾರ ಬಂದಾಗ ಭಾರತೀಯರಿಗೆ ಒಳ್ಳೆಯ ಬದುಕು ಎಂದರೆ ಏನು? ಮೇಲಕ್ಕೆ ಬಂದದ್ದು ಮನಶ್ಶಾಂತಿ, ಆಧ್ಯಾತ್ಮಿಕ ಸಮಾಧಾನ ಮತ್ತು ನಾಲ್ಕು ಜನರ ಜೊತೆಗಿನ ಬಾಳುವೆ. ಎಷ್ಟು ಓಡಾಡುತ್ತೇನೆ, ಎಷ್ಟು ಕೆಲಸ ಮಾಡುತ್ತೇನೆ ಎಂಬುದು ಅದರ ಕೆಳಗೆ. ಪಶ್ಚಿಮದ ಪ್ರಶ್ನೆಪತ್ರಿಕೆಗಳು ‘ಭಾರವಾದ ಸಾಮಾನಿನ ಚೀಲ ಎತ್ತಬಲ್ಲಿರಾ, ದೂರ ನಡೆಯಬಲ್ಲಿರಾ’ ಎಂದು ಶುರುವಾಗುತ್ತವೆ. ನಮ್ಮವರಿಗೆ ಅಂಥ ಪಟ್ಟಿಯಿಂದ ಅಂಕ ಹಾಕಿದರೆ ಆ ಅಂಕ ಅರ್ಧ ಬದುಕಿನದು.

ಅಂದ ಹಾಗೆ ನಮ್ಮ ಹಳ್ಳಿಗಳಲ್ಲಿ ಅಳತೆಗೋಲು ಇಲ್ಲವೆಂದಲ್ಲ. ‘ಹೇಗಿದ್ದೀಯಮ್ಮ?’ ಎಂದರೆ ‘ಎಂಟಾಣೆ ವಾಸಿ ಡಾಕ್ಟ್ರೇ’ ಎನ್ನುವ ಅಜ್ಜಿ, ಮುಂದಿನ ಸಲ ಬಂದಾಗ ‘ಹನ್ನೆರಡಾಣೆ’ ಎನ್ನುತ್ತಾಳೆ. ಹದಿನಾರಕ್ಕೆ ಎಷ್ಟು ಎಂಬ ಲೆಕ್ಕ ಅವಳಿಗೆ ಕರತಲಾಮಲಕ. ಒಂದರಿಂದ ಏಳರ ಅಂಕ ಕೇಳಿದರೆ ಅವಳು ಮಗನ ಮುಖ ನೋಡುತ್ತಾಳೆ, ಮಗ ಒಂದು ಅಂಕ ಹೇಳುತ್ತಾನೆ, ನರ್ಸು ಅದನ್ನೇ ಬರೆದುಕೊಳ್ಳುತ್ತಾಳೆ.

◆ ಪಟ್ಟಿಯನ್ನೇ ಬಿಸಾಕಿ, ‘ನಿಮ್ಮ ಬದುಕಿನಲ್ಲಿ ಮುಖ್ಯವಾದ ಐದು ಸಂಗತಿ ನೀವೇ ಹೇಳಿ’ ಎಂದವರು ಐರ್ಲೆಂಡಿನವರು. ಡಬ್ಲಿನ್ನಿನ ಕಿಯರನ್ ಓಬಾಯ್ಲ್, ಹ್ಯಾನಾ ಮಗೀ ಮತ್ತು ಸಂಗಡಿಗರು 1992ರಲ್ಲಿ ಸೊಂಟದ ಕೀಲು ಬದಲಿಸಿಕೊಂಡವರ ಮೇಲೆ ಇದನ್ನು ಪ್ರಯೋಗಿಸಿದರು. ಆಮೇಲೆ ಅದನ್ನು ಸುಲಭಗೊಳಿಸಲು ಒಂದು ತಟ್ಟೆ ಮಾಡಿದರು. ನಡುವೆ ಒಂದೇ ಗುಬುಟಿಗೆ ಸಿಕ್ಕಿಸಿದ, ಒಂದರೊಳಗೊಂದು ಸರಿಯುವ ಐದು ಬಣ್ಣದ ಬಿಲ್ಲೆಗಳು. ಅಂಚಿನಲ್ಲಿ ಸೊನ್ನೆಯಿಂದ ನೂರರವರೆಗೆ ಗೆರೆ. ಒಂದು ಬಣ್ಣ ಸಂಸಾರ, ಒಂದು ದೇವರು, ಒಂದು ತೋಟ, ಹೀಗೆ. ರೋಗಿ ಬೆರಳಿನಿಂದ ತಿರುಗಿಸಿ, ಯಾವುದಕ್ಕೆ ಎಷ್ಟು ಪಾಲು ಎಂದು ತೋರಿಸುತ್ತಾರೆ. ತೋಟದ ಪಾಲು ಹಿಗ್ಗಿದರೆ ಮಿಕ್ಕದ್ದು ಕುಗ್ಗಲೇಬೇಕು. ಓದುಬರಹ ಬಾರದವರಿಗೂ ಆಗುತ್ತದೆ. ನನ್ನನ್ನು ಕೇಳಿದರೆ ಈ ಕ್ಷೇತ್ರದ ಎಲ್ಲ ಸಲಕರಣೆಗಳ ಪೈಕಿ ಮರ್ಯಾದಸ್ತ ಸಲಕರಣೆ ಇದು. ರೋಗಿಯ ಬಾಯಿಗೆ ಮಾತು ತುರುಕುವುದಿಲ್ಲ.

◆ ಇದೇ ವಿಧಾನವನ್ನು 2005ರಲ್ಲಿ ಹಲ್ಲೆಲ್ಲ ಉದುರಿ ಕಟ್ಟಿಸಿಕೊಳ್ಳಲು ಬಂದವರ ಮೇಲೂ ಬಳಸಿದರು. ಮೊದಲಿನ ಅಂಕ, ಮೂರು ತಿಂಗಳ ನಂತರದ ಅಂಕ ಎರಡನ್ನೂ ಹೋಲಿಸಿದರೆ ಹೊಸ ಹಲ್ಲಿನಿಂದ ಏನೂ ಆಗಿಲ್ಲ! ದೆನ್ ಟೆಸ್ಟ್ ಹಾಕಿ ನೋಡಿದರೆ ಲಾಭ ಎದ್ದು ಕಂಡಿತು. ಬಹುಪಾಲು ಜನರ ಐದು ಸಂಗತಿಗಳ ಪಟ್ಟಿಯಲ್ಲಿ ಒಂದಾದರೂ ಆ ಹೊತ್ತಿಗೆ ಬದಲಾಗಿತ್ತು. ಹಲ್ಲು ಬಂದ ಮೇಲೆ ಬದುಕಿನಲ್ಲಿ ಮುಖ್ಯವಾದದ್ದೇ ಬೇರೆ.

◆ ಎಲ್ಲ ಹೊಂದಾಣಿಕೆಯೂ ಹೊಗಳತಕ್ಕದ್ದೇ? ಇಲ್ಲಿ ಸ್ವಲ್ಪ ನಿಲ್ಲಬೇಕು. 1943ರ ಬಂಗಾಳದ ಬರಗಾಲ ಕಳೆದ ಮರುವರ್ಷ, ಕಲ್ಕತ್ತೆಯ ಹತ್ತಿರದ ಸಿಂಗೂರಿನಲ್ಲಿ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆಯವರು ಮನೆಮನೆಗೆ ಹೋಗಿ ಆರೋಗ್ಯ ವಿಚಾರಿಸಿದರು. ಆರೋಗ್ಯ ಸರಿಯಿಲ್ಲ ಅಥವಾ ಅಷ್ಟಕ್ಕಷ್ಟೇ ಎಂದು ಹೇಳಿದ ವಿಧುರರು ಶೇ. 48.5. ವಿಧವೆಯರು? ಶೇ. 2.5. ‘ಅಷ್ಟಕ್ಕಷ್ಟೇ’ ಎಂಬ ಉತ್ತರವೊಂದನ್ನೇ ತೆಗೆದುಕೊಂಡರೆ ವಿಧುರರು ಶೇ. 45.6, ವಿಧವೆಯರು ಸೊನ್ನೆ. ಒಬ್ಬಳೂ ಇಲ್ಲ.

ಆ ಕಾಲದ ಬಂಗಾಳದ ವಿಧವೆಯ ಊಟ, ಉಪವಾಸ, ಮನೆಯಲ್ಲಿ ಅವಳಿಗಿದ್ದ ಜಾಗ ಇವನ್ನೆಲ್ಲ ಬಲ್ಲವರು ಅವಳು ವಿಧುರನಿಗಿಂತ ಇಪ್ಪತ್ತು ಪಟ್ಟು ಗಟ್ಟಿಮುಟ್ಟಾಗಿದ್ದಳೆಂದು ನಂಬುವುದಿಲ್ಲ. ತನ್ನ ಆರೋಗ್ಯ ಒಂದು ವಿಚಾರಿಸತಕ್ಕ ಸಂಗತಿ ಎಂದೇ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಈ ಅಂಕಿಗಳನ್ನು ಎತ್ತಿ ತೋರಿಸಿದವರು ಅಮರ್ತ್ಯ ಸೇನ್. ಡಯಾಲಿಸಿಸ್ ರೋಗಿಯ ಅಳತೆಗೋಲು ಸರಿದದ್ದನ್ನು ಮನುಷ್ಯನ ಚೈತನ್ಯ ಎಂದು ಕೊಂಡಾಡುವವರು ಸಿಂಗೂರಿನ ವಿಧವೆಯ ಅಳತೆಗೋಲನ್ನು ಏನೆಂದು ಕರೆಯುತ್ತಾರೋ! ಎರಡೂ ಕಾಗದದ ಮೇಲೆ ಒಂದೇ ತರಹದ ‘ಚೆನ್ನಾಗಿದ್ದೀನಿ’.

◆ ಸೇನ್ 2002ರಲ್ಲಿ ಮತ್ತೊಂದು ಹೋಲಿಕೆ ಕೊಟ್ಟರು. ಆಗ ಭಾರತದಲ್ಲಿ ಅತಿ ಹೆಚ್ಚು ಆಯಸ್ಸಿದ್ದ ಕೇರಳದಲ್ಲೇ ‘ನನಗೆ ಕಾಯಿಲೆ ಇದೆ’ ಎನ್ನುವವರೂ ಅತಿ ಹೆಚ್ಚು. ಬಿಹಾರದಲ್ಲಿ ಆಯಸ್ಸು ಕಡಿಮೆ, ಕಾಯಿಲೆ ಹೇಳಿಕೊಳ್ಳುವವರೂ ಕಡಿಮೆ. ಅಮೆರಿಕದವರು ಕೇರಳದವರನ್ನೂ ಮೀರಿಸಿದ್ದರು.

◆ ಊರಿಗೊಂದು ಅಳತೆಗೋಲು ಎಂಬ ಈ ತೊಡಕಿಗೆ ಪರಿಹಾರವಾಗಿ ಬಂದದ್ದು ಪುಟ್ಟ ಕತೆಗಳು. ‘ಒಬ್ಬಳಿಗೆ ಮೆಟ್ಟಿಲು ಹತ್ತಿದರೆ ಮಂಡಿ ನೋಯುತ್ತೆ, ಬಾವಿಯಿಂದ ನೀರು ತರೋದಕ್ಕೆ ಅಡ್ಡಿಯಿಲ್ಲ. ಅವಳ ಕಷ್ಟ ಎಷ್ಟು?’ ಎನ್ನುವಂಥವು. ಎಲ್ಲರಿಗೂ ಒಂದೇ ಕತೆ. ಅದಕ್ಕೆ ನೀವು ಕೊಡುವ ಅಂಕದಿಂದ ನಿಮ್ಮ ಅಳತೆಗೋಲು ಎಷ್ಟು ಬಿಗಿ, ಎಷ್ಟು ಸಡಿಲ ಎಂದು ತಿಳಿದು, ನಿಮ್ಮ ಬಗ್ಗೆ ನೀವು ಕೊಟ್ಟ ಅಂಕವನ್ನು ತಿದ್ದುತ್ತಾರೆ. ಹಾರ್ವರ್ಡಿನ ಗ್ಯಾರಿ ಕಿಂಗ್ 2004ರಲ್ಲಿ ಇದರ ಬಲ ತೋರಿಸಿದ್ದು ರಾಜಕೀಯದಲ್ಲಿ. ಸರ್ಕಾರದಲ್ಲಿ ನಮ್ಮ ಮಾತು ನಡೆಯುತ್ತದೆ ಎಂದು ಮೆಕ್ಸಿಕೋದವರಿಗಿಂತ ಚೀನಾದವರೇ ಹೆಚ್ಚಾಗಿ ಹೇಳಿದ್ದರು; ಕತೆಗಳಿಂದ ತಿದ್ದಿದಾಗ ಫಲಿತಾಂಶ ತಲೆಕೆಳಗಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಜಾಗತಿಕ ಆರೋಗ್ಯ ಸಮೀಕ್ಷೆಯೂ ಇಂಥ ಕತೆಗಳನ್ನು ಬಳಸಿತು. 2003ರಲ್ಲಿ ಅದು ಭಾರತದ ಆರು ರಾಜ್ಯಗಳಿಗೆ ಬಂದಾಗ ಕರ್ನಾಟಕವೂ ಅವುಗಳಲ್ಲಿ ಒಂದು.

◆ ಆಮ್‌ಸ್ಟರ್‌ಡ್ಯಾಮಿನ ಫ್ರಾನ್ಸ್ ಓರ್ಟ್ ಮತ್ತು ಸಂಗಡಿಗರು ರೋಗಿಗೆ ಹೊಸ ಪ್ರಶ್ನೆ ಕೇಳುವ ಗೋಜಿಗೇ ಹೋಗಲಿಲ್ಲ. ಆಪರೇಷನ್ನಿಗೆ ಮೊದಲೂ ಆಮೇಲೂ 170 ಕ್ಯಾನ್ಸರ್ ರೋಗಿಗಳು ಕೊಟ್ಟ ಉತ್ತರಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂದು ಗಣಿತದಿಂದ ನೋಡಿದರು. ಹೆಣಿಗೆ ಬದಲಾದ ಕಡೆ ಅಳತೆಗೋಲು ಸರಿದಿದೆ. 2005ರಿಂದೀಚೆಗೆ ನೆನಪನ್ನು ನಂಬದವರ ದಾರಿ ಇದು. ತೊಂದರೆ ಏನೆಂದರೆ, ಗುಂಪಿನ ಸುದ್ದಿ ಸಿಗುತ್ತದೆ; ನಿಮ್ಮ ಅಮ್ಮನ ಸುದ್ದಿ ಸಿಗುವುದಿಲ್ಲ.

◆ ‘ಹಾಯ್, ಹೇಗಿದ್ದೀರಿ?’ ಇದು ಕೆನಡಾದ ಜೆಫ್ರಿ ನಾರ್ಮನ್ 2003ರಲ್ಲಿ ರೆಸ್ಪಾನ್ಸ್ ಶಿಫ್ಟನ್ನು ವಿಮರ್ಶಿಸಿ ಬರೆದ ಗಂಭೀರ ಲೇಖನದ ಶೀರ್ಷಿಕೆಯ ಮೊದಲ ತುಂಡು!

◆ ಆ ಸರಳ ಪ್ರಶ್ನೆಗೆ ಉತ್ತರಿಸುವ ಮುಂಚೆ ತಲೆಯೊಳಗೆ ನಾಲ್ಕು ಕೆಲಸ ನಡೆದಿರುತ್ತವೆ ಎಂದವರು ಬ್ರೂಸ್ ರ‍್ಯಾಪ್‌ಕಿನ್ ಮತ್ತು ಶ್ವಾರ್ಟ್ಜ್ (2004). ಯಾವುದರ ಬಗ್ಗೆ ಕೇಳುತ್ತಿದ್ದಾರೆ? ಯಾವ ದಿನ, ಯಾವ ಘಟನೆ ನೆನಪಿಗೆ ತಂದುಕೊಳ್ಳಲಿ? ಯಾರ ಜೊತೆ ಹೋಲಿಸಲಿ? ಎಲ್ಲ ಕೂಡಿಸಿ ಯಾವುದಕ್ಕೆ ಹೆಚ್ಚು ತೂಕ ಕೊಡಲಿ? ವಾರ್ಡಿನಲ್ಲಿ ಕೂತು ಕೇಳಿಸಿಕೊಂಡರೆ ಮೂರನೆಯದು ಬಾಯಿಬಿಟ್ಟೇ ಬರುತ್ತದೆ: ‘ಆ ಮೂಲೆ ಬೆಡ್ಡಿನವರನ್ನ ನೋಡಿದರೆ ನಾನೇ ಎಷ್ಟೋ ಮೇಲು.’

◆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದರ ಹಿಂದೆ ದುಡ್ಡಿದೆ. ಹೊಸ ಔಷಧಿಗೆ ಸರ್ಕಾರ ಹಣ ಕೊಡಬೇಕೋ ಬೇಡವೋ ಎಂಬುದನ್ನು ಅದರಿಂದ ಬದುಕಿನ ಗುಣಮಟ್ಟ ಎಷ್ಟು ಏರುತ್ತದೆ ಎಂದು ನೋಡಿ ನಿರ್ಧರಿಸುವ ಪದ್ಧತಿ ಇದೆ. ಆ ಲೆಕ್ಕಕ್ಕೆ ಹೆಚ್ಚು ಬಳಸುವುದು ಇಕ್ಯೂ-5ಡಿ: ಓಡಾಟ, ಸ್ವಂತ ಆರೈಕೆ, ದಿನದ ಕೆಲಸ, ನೋವು, ಆತಂಕ ಎಂಬ ಐದು ಪ್ರಶ್ನೆ, ಪ್ರತಿಯೊಂದಕ್ಕೂ ಐದು ಉತ್ತರ, ಒಟ್ಟು 3,125 ಬಗೆಯ ಸ್ಥಿತಿ. ರೋಗಿ ತನ್ನ ಸ್ಥಿತಿ ಹೇಳುತ್ತಾರೆ. ಆದರೆ ಆ ಸ್ಥಿತಿಗೆ ಬೆಲೆ ಕಟ್ಟುವವರು? ಇಂಗ್ಲೆಂಡಿನಲ್ಲಿ ಸಾಮಾನ್ಯ ಜನ. ಚಂಡೀಗಢದ ಪಿಜಿಐ ನೇತೃತ್ವದಲ್ಲಿ ಸಿದ್ಧವಾಗಿ 2022ರಲ್ಲಿ ಪ್ರಕಟವಾದ ಭಾರತದ ಬೆಲೆಪಟ್ಟಿಯಲ್ಲೂ ಅಷ್ಟೇ. ತೆರಿಗೆ ಕಟ್ಟುವವರು ಅವರು, ಅವರ ಮಾತು ನಡೆಯಲಿ ಎಂಬುದು ಒಂದು ವಾದ. ಡಯಾಲಿಸಿಸ್‌ಗೆ 0.39 ಕೊಟ್ಟವರು ಅವರೇ ಎಂಬುದು ಇನ್ನೊಂದು ವಾದ. ಇದರಲ್ಲೊಂದು ಮೋಜಿನ ಇಕ್ಕಟ್ಟಿದೆ. ರೋಗಿಯ ಮಾತನ್ನೇ ಹಿಡಿದರೆ ‘ಅವರು ಆಗಲೇ ಚೆನ್ನಾಗಿದ್ದಾರಲ್ಲ’ ಎಂದು ಹೊಸ ಚಿಕಿತ್ಸೆಯ ಲಾಭ ಕಡಿಮೆ ಕಾಣುತ್ತದೆ. ಜನರ ಮಾತು ಹಿಡಿದರೆ ಲಾಭ ಹೆಚ್ಚು ಕಾಣುತ್ತದೆ, ಜೊತೆಗೆ ಆ ರೋಗಿಯ ಬದುಕು ಅಗ್ಗವಾಗಿಯೂ ಕಾಣುತ್ತದೆ.

◆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬುದು ನರಗಳ ಹೊದಿಕೆ ಸವೆಯುವ ಕಾಯಿಲೆ. ಆ ಕಾಯಿಲೆ ಇದ್ದ ಐವರಿಗೆ ಕಿವಿಗೊಟ್ಟು ಕೇಳುವುದನ್ನು ಕಲಿಸಿ, ಅದೇ ಕಾಯಿಲೆಯ 67 ಮಂದಿಗೆ ತಿಂಗಳಿಗೊಮ್ಮೆ ಹದಿನೈದು ನಿಮಿಷ ಫೋನ್ ಮಾಡಿ ಮಾತಾಡಲು ಹೇಳಿದರು. ಹೀಗೆ ಒಂದು ವರ್ಷ. ಯಾರಿಗೆ ಹೆಚ್ಚು ಉಪಯೋಗವಾಯಿತು ಎಂದು ಶ್ವಾರ್ಟ್ಜ್ 1999ರಲ್ಲಿ ಅಂಕಿಗಳನ್ನು ಮತ್ತೆ ಕೆದಕಿದಾಗ, ಕರೆ ಸ್ವೀಕರಿಸಿದ 67 ಮಂದಿಗಿಂತ ಕರೆ ಮಾಡಿದ ಐವರೇ ಹೆಚ್ಚು ಚೇತರಿಸಿಕೊಂಡಿದ್ದರು. ಐದೇ ಜನ, ಆದ್ದರಿಂದ ತೀರಾ ದೊಡ್ಡದು ಮಾಡುವಂತಿಲ್ಲ. ಮೂರು ವರ್ಷದ ನಂತರ ಅವರನ್ನು ಕೂಡಿಸಿ ಕೇಳಿದಾಗ ಅವರು ಹೇಳಿದ್ದು: ಇನ್ನೊಬ್ಬರ ಮಾತು ಕೇಳುವುದು ಬಂತು, ತಮ್ಮನ್ನು ತಾವು ಒಪ್ಪಿಕೊಳ್ಳುವುದು ಬಂತು, ಧೈರ್ಯ ಬಂತು. ಕಾಯಿಲೆ ಹಾಗೇ ಇತ್ತು.